ನ್ಯಾಸಧರ್ಮವೂ ಗಣಕಯಂತ್ರದ ನೆನಪೂ

ತನ್ನದಲ್ಲದ ವಸ್ತುವನ್ನು ನಂಬಿಕೆಯಿಂದ ಇರಿಸಿಕೊಂಡು ಕಾಪಾಡಿಕೊಡುವುದಕ್ಕೆ ನಮ್ಮ ಹಿರಿಯರು ನ್ಯಾಸವೆಂದು ಹೆಸರಿಟ್ಟಿದ್ದರು. ಹಿಂದಿನ ಕಾಲದಲ್ಲಿ ಯಾತ್ರೆಗೆ ಹೊರಟ ಗೃಹಸ್ಥನು ತನ್ನ ಒಡವೆಗಳನ್ನು ಗಂಟು ಕಟ್ಟಿ ನಂಬಿಕೆಯ ನೆರೆಯವನ ಮನೆಯಲ್ಲಿಟ್ಟು ಹೋಗುತ್ತಿದ್ದನು. ಆ ನೆರೆಯವನ ಧರ್ಮವು ಗಂಟನ್ನು ಕಳ್ಳರಿಂದ ಕಾಯುವುದರಲ್ಲಿಯೇ ಮುಗಿಯುತ್ತಿರಲಿಲ್ಲ. ಅದನ್ನು ಬಿಚ್ಚಿ ನೋಡದಿರುವುದೂ, ಒಳಗೆ ಏನೇನಿದೆಯೆಂದು ಎಣಿಸದಿರುವುದೂ, ಇಂತಹವರ ಗಂಟು ನನ್ನಲ್ಲಿದೆಯೆಂದು ಊರಲ್ಲಿ ಸಾರದಿರುವುದೂ ಆ ಧರ್ಮದಲ್ಲಿ ಸೇರಿದ್ದುವು. ಗುಲಗಂಜಿ ತೂಕದ ಬಂಗಾರವೂ ಕಡಮೆಯಾಗದೆ ಗಂಟು ಹಿಂದಿರುಗಿದರೂ, ಅದನ್ನು ಬಿಚ್ಚಿ ನೋಡಿದ್ದಾರೆಂದು ತಿಳಿದರೆ ಒಡೆಯನ ಮನಸ್ಸು ನೋಯುತ್ತಿತ್ತು. ವಸ್ತುವು ಹೋಗಿರಲಿಲ್ಲ, ನಂಬಿಕೆಯು ಹೋಗಿತ್ತು.

ಹೊನ್ನಿನ ಗಂಟಿಗಿಂತ ಸೂಕ್ಷ್ಮವಾದ ಮತ್ತೊಂದು ನ್ಯಾಸವುಂಟು. ಅದು ಮಾತಿನ ನ್ಯಾಸ. ರೋಗಿಯು ವೈದ್ಯನಿಗೆ, ಕಕ್ಷಿಗಾರನು ವಕೀಲನಿಗೆ, ಶಿಷ್ಯನು ಗುರುವಿಗೆ, ನೊಂದ ಮಗಳು ತಾಯಿಗೆ ಹೇಳಿಕೊಂಡ ಮಾತು ಕೇಳಿದವರ ಸ್ವತ್ತಾಗುವುದಿಲ್ಲ. ಅದು ಹೇಳಿದವರ ಒಡವೆ; ಕೇಳಿದವರು ಅದರ ಕಾವಲುಗಾರರು ಮಾತ್ರ. ಪೂರ್ವದಲ್ಲಿ ಇಂತಹ ಮಾತು ಕಿವಿಯಿಂದ ಎದೆಗೆ ಇಳಿದು ಅಲ್ಲಿಯೇ ನಿಲ್ಲುತ್ತಿತ್ತು. ಬರೆವಣಿಗೆಯಲ್ಲಿ ಬಂದುದಾದರೆ ಪೆಟ್ಟಿಗೆಯನ್ನು ಸೇರುತ್ತಿತ್ತು. ಈಗ ಅದು ಬಹುಮಟ್ಟಿಗೆ ಗಣಕಯಂತ್ರದ ಪರದೆಯ ಮೇಲೆ ಅಕ್ಷರರೂಪವಾಗಿ ಮೂಡುತ್ತದೆ. ಆದುದರಿಂದ ಆ ಯಂತ್ರವು ಏನನ್ನು ಕಾಣುತ್ತದೆ, ಕಂಡುದನ್ನು ಏನು ಮಾಡುತ್ತದೆ ಎಂಬುದು ಯಂತ್ರಶಾಸ್ತ್ರದ ಪ್ರಶ್ನೆಯಾಗಿ ಮಾತ್ರ ಉಳಿಯದೆ ಧರ್ಮದ ಪ್ರಶ್ನೆಯೂ ಆಗಿದೆ. ವಾಚಕ ಮಹಾಶಯರು ಕೊಂಚ ಸಹನೆಯಿಂದ ಈ ವಿಚಾರವನ್ನು ಪರಾಂಬರಿಸಬೇಕಾಗಿ ಪ್ರಾರ್ಥನೆ.

೨೦೨೪ನೆಯ ಇಸವಿ ಮೇ ತಿಂಗಳ ೨೦ನೆಯ ತಾರೀಖು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ರೆಡ್ಮಂಡಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ತಮ್ಮ ವಿಂಡೋಸ್ ಎಂಬ ಕಾರ್ಯವ್ಯವಸ್ಥೆಗೆ ಸೇರಲಿರುವ ಹೊಸದೊಂದು ಸೌಕರ್ಯವನ್ನು ಪ್ರಕಟಿಸಿದರು. ಅದರ ಹೆಸರು 'ರೀಕಾಲ್'. ಮರಳಿ ನೆನಪಿಗೆ ತಂದುಕೊಳ್ಳುವುದು ಎಂದು ಅದರ ಅರ್ಥ. ಯಂತ್ರದ ಮುಂದೆ ಕುಳಿತವನು ಕೆಲಸಮಾಡುತ್ತಿರುವಾಗ ಪರದೆಯ ಮೇಲೆ ಕಾಣುವುದನ್ನೆಲ್ಲ ಕೆಲವು ಸೆಕೆಂಡುಗಳಿಗೊಮ್ಮೆ ಪಟವಾಗಿ ತೆಗೆದಿಟ್ಟುಕೊಳ್ಳುವುದೂ, ಆ ಪಟಗಳಲ್ಲಿರುವ ಅಕ್ಷರಗಳನ್ನೂ ಚಿತ್ರಗಳನ್ನೂ ಕೃತಕ ಬುದ್ಧಿಮತ್ತೆಯ ಸಹಾಯದಿಂದ ಗುರುತಿಸಿ ಅನುಕ್ರಮಣಿಕೆಯನ್ನು ಕಟ್ಟುವುದೂ, ಮುಂದೊಂದು ದಿನ ಒಡೆಯನು ಕೇಳಿದಾಗ ಬೇಕಾದ ಪಟವನ್ನು ಹುಡುಕಿಕೊಡುವುದೂ ಅದರ ಕೆಲಸ. ಇದಕ್ಕೆ ಸಾಧಾರಣ ಯಂತ್ರವು ಸಾಲದು. ಸೆಕೆಂಡಿಗೆ ೪೦ ಲಕ್ಷಕೋಟಿ ಗಣನೆಗಳನ್ನು ಮಾಡಬಲ್ಲ ವಿಶೇಷ ಸಂಸ್ಕಾರಕವೂ, ೧೬ ಗಿಗಾಬೈಟು ಸ್ಮೃತಿಯೂ, ೨೫೬ ಗಿಗಾಬೈಟಿನ ಸಂಗ್ರಹಸ್ಥಾನವೂ ಇರುವ 'ಕೋಪೈಲಟ್ ಪ್ಲಸ್' ಎಂಬ ಜಾತಿಯ ಯಂತ್ರಗಳಲ್ಲಿ ಮಾತ್ರ ಅದು ನಡೆಯುತ್ತದೆ.

ಪ್ರಕಟವಾದ ಕೂಡಲೆ ಅದಕ್ಕೆ ಆಕ್ಷೇಪಣೆಗಳು ಎದ್ದುವು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯವರು ಸಂಸ್ಥೆಯನ್ನು ವಿಚಾರಿಸಿದರು. ಕೆವಿನ್ ಬೋಮಂಟ್ ಮೊದಲಾದ ಭದ್ರತಾ ಪರಿಶೀಲಕರು, ಹೀಗೆ ಓದಿ ತೆಗೆದ ಅಕ್ಷರಗಳೆಲ್ಲವೂ ಗೂಢಲಿಪಿಯ ರಕ್ಷಣೆಯಿಲ್ಲದ ಸಾಮಾನ್ಯ ದತ್ತಕೋಶದಲ್ಲಿ ಬಿದ್ದಿರುವುದನ್ನೂ, ಯಂತ್ರದೊಳಗೆ ಹೊಕ್ಕ ಯಾವ ದುಷ್ಟ ಕ್ರಮವಿಧಿಯೂ ಅವನ್ನು ಬಾಚಿಕೊಂಡು ಹೋಗಬಹುದೆಂಬುದನ್ನೂ ತೋರಿಸಿಕೊಟ್ಟರು. ಜೂನ್ ೭ರಂದು ಸಂಸ್ಥೆಯು ಹಿಂದೆ ಸರಿದು, ಒಡೆಯನು ತಾನಾಗಿ ಆರಿಸಿಕೊಂಡ ಹೊರತು ಈ ಸೌಕರ್ಯವು ಚಾಲನೆಗೆ ಬರುವುದಿಲ್ಲವೆಂದು ಸಾರಿತು. ಜೂನ್ ೧೮ಕ್ಕೆ ಗೊತ್ತಾಗಿದ್ದ ಬಿಡುಗಡೆಯನ್ನು ಜೂನ್ ೧೩ರಂದು ಮುಂದಕ್ಕೆ ಹಾಕಿತು. ಅದೇ ವರ್ಷದ ನವೆಂಬರ್ ೨೨ರಂದು ಪರೀಕ್ಷಕರಿಗೆ ಮಾತ್ರ ಕೊಟ್ಟು, ೨೦೨೫ನೆಯ ಏಪ್ರಿಲ್ ೨೫ರಂದು ಆ ಜಾತಿಯ ಯಂತ್ರಗಳಲ್ಲಿ ಸಾರ್ವಜನಿಕರಿಗೆ ಒದಗಿಸಲು ತೊಡಗಿತು. ಈಗ ಪಟಗಳು ಗೂಢಲಿಪಿಯಲ್ಲಿರುತ್ತವೆ. ತೆರೆದು ನೋಡಲು ಮುಖವನ್ನೋ ಬೆರಳನ್ನೋ ತೋರಿಸಬೇಕು, ಇಲ್ಲವೆ ಪಿನ್ ಸಂಖ್ಯೆಯನ್ನು ಒತ್ತಬೇಕು. ಪಟಗಳು ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದಿಲ್ಲವೆಂದು ಸಂಸ್ಥೆಯು ಮಾತು ಕೊಟ್ಟಿದೆ. ಬೇಡವಾದವರು ಆ ಸೌಕರ್ಯವನ್ನು ಪೂರ್ತಿಯಾಗಿ ತೆಗೆದುಹಾಕಲೂಬಹುದು.

ಇಷ್ಟನ್ನೂ ಒಪ್ಪಿಕೊಳ್ಳುವುದು ನ್ಯಾಯ. ತಪ್ಪನ್ನು ತೋರಿಸಿದಾಗ ತಿದ್ದಿಕೊಂಡವರನ್ನು ತಿದ್ದಿಕೊಳ್ಳದವರೊಡನೆ ಸಮವಾಗಿ ಎಣಿಸಬಾರದು. ಸಾಮಾನ್ಯ ಜನರು ಬೇಡವೆಂದ ಮಾತಿಗೂ ಬಲವುಂಟೆಂಬುದು ಈ ವೃತ್ತಾಂತದಿಂದ ಸಿದ್ಧವಾಯಿತು. ಆದರೆ ಸಂಸ್ಥೆಯು ತನ್ನ ಪಾಲಿನ ಕೆಲಸವನ್ನು ಮಾಡಿದ ಮೇಲೆ ಪ್ರಶ್ನೆಯು ನಮ್ಮ ಬಾಗಿಲಿಗೆ ಬಂದು ನಿಂತಿದೆ. ಆರಿಸಿಕೊಳ್ಳುವ ಅಧಿಕಾರವು ನಮ್ಮ ಕೈಯಲ್ಲಿದೆಯೆಂದ ಬಳಿಕ ಆರಿಸಿಕೊಂಡುದರ ಹೊಣೆಯೂ ನಮ್ಮದೇ.

ಹೀಗೊಂದು ಪ್ರಸಂಗವನ್ನು ಭಾವಿಸಿಕೊಳ್ಳೋಣ. ಒಂದು ಉಚಿತ ಪ್ರಸಾದನಿಲಯ. ಅದರ ಕಚೇರಿಗೆ ದಾನಿಗಳೊಬ್ಬರು ಹೊಸ ಗಣಕಯಂತ್ರವನ್ನು ಕೊಡಿಸಿದ್ದಾರೆ. ಅದನ್ನು ಮೊದಲು ತೆರೆದ ದಿನ ಯಂತ್ರವು ಒಂದರ ಮೇಲೊಂದರಂತೆ ಹಲವು ಪ್ರಶ್ನೆಗಳನ್ನು ಕೇಳುತ್ತದೆ. ವ್ಯವಸ್ಥಾಪಕರು ಸಜ್ಜನರು, ಆದರೆ ಕೆಲಸದ ಅವಸರದಲ್ಲಿದ್ದಾರೆ. ಓದದೆಯೇ ಎಲ್ಲಕ್ಕೂ 'ಆಗಲಿ' ಎಂಬ ಗುಂಡಿಯನ್ನೊತ್ತುತ್ತಾರೆ. ಕೆಲವು ದಿನಗಳಾದ ಮೇಲೆ ದೂರದ ಹಳ್ಳಿಯ ಒಬ್ಬ ತಾಯಿಯು ಮಿಂಚಂಚೆಯಲ್ಲಿ ಬರೆಸಿ ಕಳುಹಿಸುತ್ತಾಳೆ: "ಅಪ್ಪಾವರೆ, ಹುಡುಗನ ತಂದೆ ಸೆರೆಮನೆಯಲ್ಲಿದ್ದಾರೆ. ಅರ್ಜಿಯಲ್ಲಿ ತಂದೆಯ ಉದ್ಯೋಗವನ್ನು ಬರೆಯದಿರುವುದಕ್ಕೆ ಅದೇ ಕಾರಣ. ತಮಗೆ ಸುಳ್ಳು ಹೇಳಬಾರದೆಂದು ತಿಳಿಸಿದ್ದೇನೆ. ದಯವಿಟ್ಟು ಉಳಿದ ಹುಡುಗರಿಗೆ ಇದು ತಿಳಿಯಬಾರದು." ವ್ಯವಸ್ಥಾಪಕರು ಓದಿ ಕಣ್ಣೊರಸಿಕೊಂಡು, ಹುಡುಗನಿಗೆ ಸ್ಥಳ ಕೊಟ್ಟು, ಪತ್ರದ ಒಂದು ಪ್ರತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮಿಂಚಂಚೆಯನ್ನು ಅಳಿಸಿಬಿಡುತ್ತಾರೆ. ತಮ್ಮ ಧರ್ಮವು ಪೂರೈಸಿತೆಂದು ಅವರ ನಂಬಿಕೆ.

ಆದರೆ ಪತ್ರವು ಪರದೆಯ ಮೇಲಿದ್ದ ಆ ಎರಡು ನಿಮಿಷಗಳಲ್ಲಿ ಯಂತ್ರವು ಅದರ ಪಟವನ್ನು ತೆಗೆದಿಟ್ಟುಕೊಂಡಿದೆ. ಮೂಲವನ್ನು ಅಳಿಸಿದ ಮಾತ್ರಕ್ಕೆ ಪಟವು ಅಳಿಯುವುದಿಲ್ಲ. ಕಚೇರಿಯ ಕೆಲಸಕ್ಕೆ ಕೈಜೋಡಿಸುವ ಹಿರಿಯ ವಿದ್ಯಾರ್ಥಿಯೊಬ್ಬನಿಗೆ ವ್ಯವಸ್ಥಾಪಕರೇ ಪಿನ್ ಸಂಖ್ಯೆಯನ್ನು ಹೇಳಿಕೊಟ್ಟಿದ್ದಾರೆ. ಅವನು ತಿಂಗಳು ಕಳೆದ ಮೇಲೆ ವಿದ್ಯಾರ್ಥಿವೇತನದ ಒಂದು ನಮೂನೆಯನ್ನು ಹುಡುಕುತ್ತ, ಕಾಲಾನುಕ್ರಮದ ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತ ಹೋಗುವಾಗ ಆ ಪತ್ರವು ಕಣ್ಣಿಗೆ ಬೀಳುತ್ತದೆ. ಸಂಜೆಯ ಪ್ರಸಾದದ ಪಂಕ್ತಿಯಲ್ಲಿ ಎಳೆಯ ಹುಡುಗನು ತಲೆ ತಗ್ಗಿಸಿ ಕುಳಿತಿರುತ್ತಾನೆ.

ಇಲ್ಲಿ ಕದ್ದವರು ಯಾರು? ಯಾರೂ ಇಲ್ಲ. ಬೀಗವನ್ನು ಮುರಿದವರು ಯಾರು? ಯಾರೂ ಇಲ್ಲ. ಯಂತ್ರವು ತನಗೆ ಒಪ್ಪಿಸಿದ ಕೆಲಸವನ್ನು ಮಾಡಿತು. ಹಿರಿಯ ವಿದ್ಯಾರ್ಥಿಯು ಬೇಕೆಂದು ಇಣಿಕಿದವನಲ್ಲ. ಆಮೇಲೆ ನಾಲಗೆಯನ್ನು ಹಿಡಿದುಕೊಳ್ಳದೆ ಹೋದುದು ಅವನ ತಪ್ಪು. ಆದರೂ ನ್ಯಾಸವು ಕೆಟ್ಟಿತು. ಮೊದಲ ದಿನ ಓದದೆ ಒತ್ತಿದ ಗುಂಡಿಯೇ ಆ ಕೇಡಿಗೆ ಬೀಜವಾಯಿತು. ಇದು ಕೇವಲ ಭಾವಿಸಿಕೊಂಡ ಪ್ರಸಂಗವೇ ಆದರೂ, ಇದರಲ್ಲಿ ಯಂತ್ರವು ಮಾಡಲಾರದ ಕೆಲಸವನ್ನು ಯಾವುದನ್ನೂ ಸೇರಿಸಿಲ್ಲ.

ಈ ಪ್ರಸಂಗವನ್ನು ಮುಂದಿಟ್ಟುಕೊಂಡು ಸಾಮಾನ್ಯವಾಗಿ ಕೇಳಿಬರುವ ಮೂರು ಆಕ್ಷೇಪಗಳನ್ನು ವಿಚಾರಿಸೋಣ.

ಮೊದಲನೆಯ ಆಕ್ಷೇಪವು ನಮ್ಮ ವಾಚಕರ ಮನಸ್ಸಿನಲ್ಲಿ ಮೂಡುವುದು ಸಹಜ. ಒಳಗೂ ಹೊರಗೂ ಒಂದೇ ಆಗಿರಬೇಕೆಂದು ಶಿವಶರಣರು ಸಾರಿದರಲ್ಲವೆ? ನಡೆಯೂ ನುಡಿಯೂ ಬೇರೆಯಾಗಬಾರದೆಂದು ಅವರು ಬಾಳಿ ತೋರಿಸಿದರಲ್ಲವೆ? ಹಾಗಿದ್ದ ಮೇಲೆ ತಪ್ಪು ಮಾಡದವನಿಗೆ ಮರೆ ಏಕೆ? ಮುಚ್ಚಿಡುವುದೇನೂ ಇಲ್ಲದವನು ಯಂತ್ರದ ಕಣ್ಣಿಗೆ ಅಂಜುವುದೇಕೆ?

ಈ ಮಾತು ಕೇಳುವುದಕ್ಕೆ ನಿರ್ಮಲವಾಗಿದೆ. ಆದರೆ ವಿಚಾರಿಸಿದರೆ ಎರಡು ಕಡೆ ಕುಂದುತ್ತದೆ. ಒಳಹೊರಗುಗಳ ಐಕ್ಯವು ಸಾಧಕನು ತನಗೆ ತಾನೇ ತೊಟ್ಟುಕೊಂಡ ವ್ರತ. ಅದನ್ನು ಪರೀಕ್ಷಿಸುವ ನೆಪದಿಂದ ಇನ್ನೊಬ್ಬನು ಕಿಟಕಿಯಲ್ಲಿ ಇಣಿಕುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಮರೆಮಾಚುವುದು ಬೇರೆ, ಮರೆಯು ಬೇರೆ. ತಪ್ಪನ್ನು ಮುಚ್ಚುವುದಕ್ಕೆ ಕಟ್ಟುವ ತೆರೆಯು ಮರೆಮಾಚುವಿಕೆ; ಪವಿತ್ರವಾದುದನ್ನೂ ಕೋಮಲವಾದುದನ್ನೂ ಕಾಯುವುದಕ್ಕೆ ಹಿಡಿಯುವ ತೆರೆಯು ಮರೆ. ತಾಯಿಯು ಕೂಸಿಗೆ ಹಾಲೂಡುವಾಗ ಸೆರಗನ್ನು ಮರೆ ಮಾಡಿಕೊಳ್ಳುತ್ತಾಳೆ, ಅದರಲ್ಲಿ ಅಪರಾಧವೇನು? ಭಕ್ತನು ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಯ ಮೇಲೆ ಧರಿಸುತ್ತಾನೆ. ಅಂಗೈಯಲ್ಲಿಟ್ಟು ಪೂಜಿಸುವಾಗ ಏಕಾಂತವನ್ನು ಬಯಸುತ್ತಾನೆ. ಅಲ್ಲಿ ಅಡಗಿಸಬೇಕಾದ ಪಾಪವಾವುದು? ಎರಡರ ನಡುವೆ ಮಾತ್ರ ನಡೆಯಬೇಕಾದ ಕ್ರಿಯೆಯು ಮೂರನೆಯ ಕಣ್ಣು ಬಿದ್ದೊಡನೆ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಏಕಾಂತವನ್ನು ಬಯಸುವವನನ್ನೆಲ್ಲ ಕಪಟಿಯೆಂದು ಬಗೆಯುವುದು ಅವಿಚಾರ.

ಇನ್ನೊಂದು ಕುಂದು ಇದಕ್ಕಿಂತ ದೊಡ್ಡದು. 'ನನ್ನಲ್ಲಿ ಮುಚ್ಚಿಡುವುದೇನೂ ಇಲ್ಲ' ಎನ್ನುವವನು ತನ್ನ ಒಬ್ಬನ ಮಾತನ್ನು ಮಾತ್ರ ಹೇಳಬಲ್ಲನು. ಅವನ ಪರದೆಯ ಮೇಲೆ ಅವನೊಬ್ಬನೇ ಇರುವುದಿಲ್ಲ. ಅಲ್ಲಿ ಗೆಳೆಯನು ಬರೆದ ಸಾಲದ ಸಂಗತಿಯಿದೆ, ತಂಗಿಯು ಕಳುಹಿಸಿದ ವೈದ್ಯಪರೀಕ್ಷೆಯ ವರದಿಯಿದೆ, ವಿದ್ಯಾರ್ಥಿಯ ಅಂಕಪಟ್ಟಿಯಿದೆ, ಆ ಹಳ್ಳಿಯ ತಾಯಿಯ ಪತ್ರವಿದೆ. ತನ್ನ ಮನೆಯ ಬಾಗಿಲನ್ನು ತೆರೆದಿಡುವ ಸ್ವಾತಂತ್ರ್ಯವು ಅವನಿಗಿರಬಹುದು. ಪರರ ಗಂಟುಗಳು ತನ್ನ ಮನೆಯಲ್ಲಿರುವಾಗ ಬಾಗಿಲನ್ನು ತೆರೆದಿಡುವ ಸ್ವಾತಂತ್ರ್ಯವು ಅವನಿಗಿಲ್ಲ. ಆ ತಾಯಿಯು ತನ್ನ ತಪ್ಪೊಂದನ್ನೂ ಮುಚ್ಚಲಿಲ್ಲ. ಕೇಳದಿದ್ದರೂ ನಿಜವನ್ನೇ ನುಡಿದಳು. ಒಳಹೊರಗು ಒಂದಾಗಿರುವವಳು ಅವಳೇ. ಆ ನಿಜವು ಬೀದಿಪಾಲಾಗದಂತೆ ಕಾಯುವುದು ಕೇಳಿದವರ ಕರ್ತವ್ಯ. ಹೇಳಿಕೊಂಡ ಮಾತಿಗೆ ಕಾವಲಿಲ್ಲದ ಕಡೆ ಜನರು ನಿಜವನ್ನು ಹೇಳುವುದನ್ನೇ ಬಿಡುತ್ತಾರೆ. ಹಾಗಾದಾಗ ಒಳಗೊಂದು ಹೊರಗೊಂದು ಎಂಬ ನಡೆಯನ್ನು ನಾವೇ ಅವರಿಗೆ ಕಲಿಸಿದಂತಾಗುವುದು.

ಎರಡನೆಯ ಆಕ್ಷೇಪ: ಪಟಗಳು ಯಂತ್ರದೊಳಗೇ ಇರುತ್ತವೆ, ಗೂಢಲಿಪಿಯಲ್ಲಿರುತ್ತವೆ, ಗುಪ್ತಪದ, ಬ್ಯಾಂಕಿನ ಕಾರ್ಡಿನ ಸಂಖ್ಯೆ ಮೊದಲಾದುವುಗಳನ್ನು ಸೋಸಿಬಿಡುವ ಏರ್ಪಾಡೂ ಇದೆ, ಇನ್ನೇನು ಭಯ? ಇದಕ್ಕೆ ಉತ್ತರ ಹೀಗೆ. ಸಂಖ್ಯೆಗೆ ಒಂದು ಆಕಾರವುಂಟು, ಯಂತ್ರವು ಅದನ್ನು ಗುರುತಿಸಬಲ್ಲುದು. ತಾಯಿಯ ದುಃಖಕ್ಕೆ ಗೊತ್ತಾದ ಆಕಾರವಿಲ್ಲ. ಸಾಮಾನ್ಯವಾದ ನಾಲ್ಕು ಸಾಲುಗಳಲ್ಲಿ ಯಾವುದು ಒಬ್ಬರ ಮಾನಪ್ರಾಣವೆಂಬುದನ್ನು ಸೋಸುವ ಜರಡಿಯನ್ನು ಯಾರೂ ನೆಯ್ದಿಲ್ಲ. ಈ ಸೌಕರ್ಯವನ್ನು ಆರಂಭದಲ್ಲಿ ಅಳವಡಿಸಿದ್ದು ಇಂಗ್ಲಿಷ್, ಚೀನಿ, ಫ್ರೆಂಚ್, ಜರ್ಮನ್, ಜಪಾನಿ, ಸ್ಪ್ಯಾನಿಷ್ ಎಂಬ ಆರು ಭಾಷೆಗಳಿಗೆ, ಅವುಗಳಲ್ಲಿ ಕನ್ನಡವಿರಲಿಲ್ಲ. ಅದಕ್ಕೆ ಕನ್ನಡವು ತಿಳಿಯದೆಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಯಂತ್ರಕ್ಕೆ ಓದಲು ಬಾರದಿದ್ದರೂ ಪಟವನ್ನು ತೆರೆದ ಮನುಷ್ಯನಿಗೆ ಓದಲು ಬರುತ್ತದೆ. ಮೇಲಾಗಿ ಬೀಗವು ಎಷ್ಟೇ ಗಟ್ಟಿಯಾಗಿರಲಿ, ಬೀಗದ ಕೈಯು ಮನೆಯವರ ಕೈಯಲ್ಲಿಯೇ ಓಡಾಡುತ್ತಿರುತ್ತದೆ. ಒಂದೇ ಯಂತ್ರವನ್ನು ಗಂಡಹೆಂಡಿರು, ತಂದೆಮಕ್ಕಳು, ಕಚೇರಿಯ ನಾಲ್ವರು ಬಳಸುವುದು ನಮ್ಮಲ್ಲಿ ಅಪೂರ್ವವಲ್ಲ. ಅಗತ್ಯವಿಲ್ಲದ ಪ್ರತಿಯನ್ನು ಮಾಡಿ ಅದಕ್ಕೆ ಬೀಗ ಹಾಕುವುದಕ್ಕಿಂತ ಪ್ರತಿಯನ್ನು ಮಾಡದಿರುವುದೇ ಮೇಲು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಬರೆದವನು ತನ್ನ ಯಂತ್ರದಲ್ಲಿ ಈ ಸೌಕರ್ಯವನ್ನು ನಿಲ್ಲಿಸಿದ್ದರೂ ಓದುವವನ ಯಂತ್ರದಲ್ಲಿ ಅದು ನಡೆಯುತ್ತಿದ್ದರೆ ಬರೆದವನಿಗೆ ರಕ್ಷಣೆಯಿಲ್ಲ. ತನ್ನ ಮಾತಿನ ಪಟವು ತೆಗೆಯಲ್ಪಟ್ಟಿತೆಂಬ ಸುದ್ದಿಯೂ ಅವನಿಗೆ ಮುಟ್ಟುವುದಿಲ್ಲ. ಗುಟ್ಟಾದ ಸಂದೇಶಗಳನ್ನು ಒಯ್ಯುವ ಸಿಗ್ನಲ್ ಎಂಬ ಸಂಸ್ಥೆಯವರು ಈ ತೊಡಕನ್ನು ಕಂಡು, ೨೦೨೫ನೆಯ ಮೇ ತಿಂಗಳಲ್ಲಿ ವಿಂಡೋಸಿನಲ್ಲಿ ತಮ್ಮ ಕಿಟಕಿಯ ಪಟವನ್ನು ಯಾರೂ ತೆಗೆಯಲಾಗದಂತೆ ಕಟ್ಟುಮಾಡಿದರು. ಚಲನಚಿತ್ರಗಳನ್ನು ಕದ್ದು ನಕಲು ಮಾಡದಂತೆ ತಡೆಯಲು ಬಳಸುವ ಉಪಾಯವನ್ನೇ ಅವರು ಇದಕ್ಕೂ ಬಳಸಿದರು. ಪಟವನ್ನು ತೆಗೆದರೆ ಬರಿಯ ಕಪ್ಪು ಕಾಣುತ್ತದೆ. ಅದೇ ವರ್ಷದ ಜುಲೈ ತಿಂಗಳಲ್ಲಿ ಬ್ರೇವ್ ಎಂಬ ಜಾಲದರ್ಶಕದವರೂ ತಮ್ಮ ಪುಟಗಳು ರೀಕಾಲಿಗೆ ಸಿಕ್ಕದಂತೆ ಮಾಡಿದರು. ತಮ್ಮನ್ನು ನಂಬಿ ಮಾತನ್ನು ಒಪ್ಪಿಸಿದವರಿಗಾಗಿ ಇಷ್ಟು ಶ್ರಮಪಟ್ಟ ವ್ಯಾಪಾರಲೋಕದವರನ್ನು ಕಂಡು, ಗುರುಸ್ಥಾನದಲ್ಲಿಯೂ ವೈದ್ಯಸ್ಥಾನದಲ್ಲಿಯೂ ಇರುವವರು ಯೋಚಿಸಬೇಕಾದುದಿದೆ.

ಮೂರನೆಯ ಆಕ್ಷೇಪವು ಉಪಯೋಗವನ್ನು ಕುರಿತದ್ದು. ಮರೆವು ಮನುಷ್ಯನ ದೊಡ್ಡ ತೊಂದರೆ. ನಿನ್ನೆ ಕಂಡುದನ್ನು ಇಂದು ಹುಡುಕಿಕೊಡುವ ಸೇವಕನು ದೊರೆತರೆ ಬೇಡವೆನ್ನುವುದು ಮೂಢತನವಲ್ಲವೆ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ವಯಸ್ಸಿನಿಂದಲೋ ರೋಗದಿಂದಲೋ ನೆನಪು ಕುಗ್ಗಿದವರಿಗೆ ಇಂತಹ ಯಂತ್ರವು ಊರುಗೋಲಾಗಬಹುದು. ಅಂಥವರ ಕೈಯಿಂದ ಕೋಲನ್ನು ಕಸಿದುಕೊಳ್ಳುವುದು ದಯೆಯಲ್ಲ. ಅವರು ಅದನ್ನು ಬಳಸಲಿ. ಆದರೆ ತಮ್ಮೊಡನೆ ವ್ಯವಹರಿಸುವವರಿಗೆ ಆ ಸಂಗತಿಯನ್ನು ತಿಳಿಸಲಿ, ಪರರ ಮಾತುಗಳು ಬರುವ ಕಿಟಕಿಗಳನ್ನು ಸೋಸುವ ಪಟ್ಟಿಯಲ್ಲಿ ಸೇರಿಸಲಿ. ಉಪಯೋಗವಿದೆಯೆಂಬುದು ಬಳಸುವುದಕ್ಕೆ ಕಾರಣವಾದೀತೇ ಹೊರತು ಇತರರನ್ನು ಕೇಳದಿರುವುದಕ್ಕೆ ಕಾರಣವಾಗದು. ನೆರೆಯವನ ಗಂಟಿನಲ್ಲಿರುವ ಹಣದಿಂದ ನನ್ನ ಕಷ್ಟವು ತೀರುವುದಾದರೂ ಕೇಳಿ ತೆಗೆದುಕೊಳ್ಳುವುದೇ ಧರ್ಮ.

ಹೀಗೆ ಮೂರು ಆಕ್ಷೇಪಗಳಿಗೂ ಉತ್ತರವು ಒಂದೇ ಕಡೆಗೆ ಬಂದು ಸೇರುವುದು: ಒಪ್ಪಿಗೆಯು ಯಾರ ವಸ್ತುವೋ ಅವರದಾಗಿರಬೇಕು. ನಮ್ಮ ದೇಶದ ನ್ಯಾಯವೂ ಈ ದಾರಿಯಲ್ಲಿಯೇ ನಡೆದಿದೆ. ಕರ್ನಾಟಕ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಆ ಮೊಕದ್ದಮೆಯಲ್ಲಿ ಹುಟ್ಟಿದ ಪ್ರಶ್ನೆಯನ್ನು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ವಿಚಾರಿಸಿ, ೨೦೧೭ನೆಯ ಆಗಸ್ಟ್ ೨೪ರಂದು, ಖಾಸಗಿತನವು ಸಂವಿಧಾನವು ಪ್ರಜೆಗಳಿಗೆ ಕೊಟ್ಟಿರುವ ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪು ಕೊಟ್ಟಿತು. ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ ಆ ಮೊಕದ್ದಮೆಯನ್ನು ಹೂಡಿದ ಅವರು ೨೦೨೪ನೆಯ ಅಕ್ಟೋಬರಿನಲ್ಲಿ ತೀರಿಕೊಂಡರು. ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಶಾಸನವು ಹುಟ್ಟಿತು; ೨೦೨೫ನೆಯ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿ, ವಿಧಿಗಳನ್ನು ಹಂತಹಂತವಾಗಿ ಜಾರಿಗೆ ತರುವ ಕ್ರಮವು ಗೊತ್ತಾಯಿತು. ಒಪ್ಪಿಗೆಯು ಬಲಾತ್ಕಾರವಿಲ್ಲದೆ, ಗೊತ್ತಾದ ಉದ್ದೇಶಕ್ಕೆ, ತಿಳಿದು, ಷರತ್ತಿಲ್ಲದೆ, ಸಂದೇಹಕ್ಕೆಡೆಯಿಲ್ಲದಂತೆ ಕೊಟ್ಟುದಾಗಿರಬೇಕೆಂದೂ, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಬೇಕೆಂದೂ ಆ ಶಾಸನವು ಹೇಳುತ್ತದೆ. ಓದದೆ ಒತ್ತಿದ ಗುಂಡಿಯು ಇಂತಹ ಒಪ್ಪಿಗೆಯ ಗೌರವಕ್ಕೆ ತಕ್ಕುದಲ್ಲವೆಂಬುದು ಸ್ಪಷ್ಟ.

ಆದರೆ ಶಾಸನಕ್ಕೂ ಒಂದು ಎಲ್ಲೆಯುಂಟು. ವ್ಯಕ್ತಿಯೊಬ್ಬನು ತನ್ನ ಸ್ವಂತ ಕೆಲಸಕ್ಕಾಗಿ ಅಥವಾ ಮನೆಯ ಬಳಕೆಗಾಗಿ ಮಾಡುವ ಸಂಗ್ರಹಕ್ಕೆ ಅದು ಅನ್ವಯಿಸುವುದಿಲ್ಲ. ಮನೆಯ ಹೊಸ್ತಿಲಿನ ಬಳಿ ಶಾಸನವು ನಿಂತುಬಿಡುತ್ತದೆ. ಗೆಳೆಯನ ಪತ್ರವೂ ತಂಗಿಯ ವರದಿಯೂ ಇರುವುದು ಆ ಹೊಸ್ತಿಲಿನ ಒಳಗೆ. ಅಲ್ಲಿ ದಂಡನೆಯ ಭಯವಿಲ್ಲ, ಅಧಿಕಾರಿಯ ಪರಿಶೀಲನೆಯಿಲ್ಲ. ಒಳಗಿನ ಅರಿವೊಂದೇ ಕಾವಲು. ಯಾರೂ ಕೇಳುವವರಿಲ್ಲದ ಕಡೆ ನಡೆಯುವ ನಡತೆಯೇ ನಿಜವಾದ ಆಚಾರವೆಂಬುದನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಇನ್ನು ಮಾಡಬೇಕಾದ ಕೆಲಸವೇನು? ಅದು ಕಷ್ಟದ್ದಲ್ಲ. ಆ ಜಾತಿಯ ಯಂತ್ರವಿರುವವರು 'ಸೆಟ್ಟಿಂಗ್ಸ್' ಎಂಬಲ್ಲಿಗೆ ಹೋಗಿ, 'ಪ್ರೈವೆಸಿ ಅಂಡ್ ಸೆಕ್ಯುರಿಟಿ' ಎಂಬ ವಿಭಾಗದಲ್ಲಿ 'ರೀಕಾಲ್ ಅಂಡ್ ಸ್ನ್ಯಾಪ್‌ಶಾಟ್ಸ್' ಎಂಬುದನ್ನು ತೆರೆಯಬೇಕು. ಅಲ್ಲಿ 'ಸೇವ್ ಸ್ನ್ಯಾಪ್‌ಶಾಟ್ಸ್' ಎಂಬ ಸ್ವಿಚ್ಚನ್ನು ಆರಿಸಿದರೆ ಪಟ ತೆಗೆಯುವುದು ನಿಲ್ಲುತ್ತದೆ. ಅಷ್ಟಕ್ಕೇ ನಿಲ್ಲಬಾರದು. ಸ್ವಿಚ್ಚನ್ನು ಆರಿಸುವುದು ಮುಂದಿನದಕ್ಕೆ ಮಾತ್ರ ತಡೆ. ಈಗಾಗಲೇ ಕೂಡಿಬಿದ್ದಿರುವ ಪಟಗಳನ್ನು ಅದೇ ಸ್ಥಳದಲ್ಲಿ ಬೇರೆಯಾಗಿ ಅಳಿಸಬೇಕು. ಆ ಸೌಕರ್ಯವೇ ಬೇಡವೆನ್ನುವವರು 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಎಂಬ ಪಟ್ಟಿಯಲ್ಲಿ ರೀಕಾಲಿನ ಮುಂದಿರುವ ಗುರುತನ್ನು ತೆಗೆದು ಯಂತ್ರವನ್ನು ಮತ್ತೆ ಪ್ರಾರಂಭಿಸಿದರೆ ಅದು ತೊಲಗುತ್ತದೆ. ಹಳೆಯ ಯಂತ್ರಗಳಲ್ಲಿ ರೀಕಾಲ್ ಇರದಿದ್ದರೂ, ಜಾಹೀರಾತುಗಾರರಿಗಾಗಿ ನಮಗೆ ಅಂಟಿಸಿರುವ ಗುರುತುಸಂಖ್ಯೆಯನ್ನೂ, ಐಚ್ಛಿಕವಾದ ತಪಾಸಣಾ ದತ್ತಾಂಶವನ್ನು ಸಂಸ್ಥೆಗೆ ಕಳುಹಿಸುವ ಏರ್ಪಾಡನ್ನೂ ಅದೇ 'ಪ್ರೈವೆಸಿ' ವಿಭಾಗದಲ್ಲಿ ನಿಲ್ಲಿಸಬಹುದು. ಕಡ್ಡಾಯವೆಂದು ಕರೆದಿರುವ ಒಂದು ಭಾಗವನ್ನು ಸಾಮಾನ್ಯ ಬಳಕೆದಾರನು ಅಲ್ಲಿ ನಿಲ್ಲಿಸಲಾರನು. ತನ್ನ ಕೈಲಾಗದುದಕ್ಕೆ ಕೊರಗುವ ಮೊದಲು ಕೈಲಾದುದನ್ನು ಮಾಡುವುದು ವಿವೇಕ.

ಈ ಕೆಲಸವನ್ನು ಯಾರು ಮೊದಲು ಮಾಡಬೇಕು? ಯಾರ ಬಳಿಗೆ ಜನರು ನಂಬಿ ಬರುತ್ತಾರೋ ಅವರು. ಮಠಗಳ ಕಾರ್ಯಾಲಯಗಳು, ಪ್ರಸಾದನಿಲಯಗಳು, ಶಾಲೆಗಳು, ವೈದ್ಯರ ಕೊಠಡಿಗಳು, ವಕೀಲರ ಕಚೇರಿಗಳು: ಇವುಗಳ ಯಂತ್ರಗಳಲ್ಲಿ ಪರರ ನೋವು ಗಂಟುಗಟ್ಟಿಕೊಂಡು ಬಿದ್ದಿರುತ್ತದೆ. ಹೊಸ ಯಂತ್ರವು ಬಂದ ದಿನ ಅದಕ್ಕೆ ವಿಭೂತಿ ಕುಂಕುಮಗಳನ್ನಿಟ್ಟು ಪೂಜಿಸುವ ಪದ್ಧತಿ ನಮ್ಮಲ್ಲುಂಟು. ಆ ದಿನವೇ ಅದರ ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ತಿಳಿಯದಿದ್ದರೆ ತಿಳಿದ ತರುಣರನ್ನು ಕೇಳಿ, ಬೇಡವಾದುದಕ್ಕೆ ಬೇಡವೆಂದು ಹೇಳುವುದೂ ಆ ಪೂಜೆಯ ಒಂದು ಅಂಗವಾಗಲಿ. ಕಾರ್ಯವ್ಯವಸ್ಥೆಯು ಕಾಲಕಾಲಕ್ಕೆ ಹೊಸದಾಗುತ್ತಿರುವುದರಿಂದ, ಹೊಸ ಸೌಕರ್ಯಗಳು ಬಂದು ಸೇರಿದುವೆ ಎಂದು ಆಗಾಗ ನೋಡಿಕೊಳ್ಳುವುದೂ ಅವಶ್ಯಕ. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರವೇಶವನ್ನು ಏರ್ಪಡಿಸಿ, ಪಿನ್ ಸಂಖ್ಯೆಯನ್ನು ಹಂಚಿಕೊಳ್ಳದಿರುವುದು ಇನ್ನೂ ಒಳ್ಳೆಯದು. ಅರ್ಧ ಗಂಟೆಯ ಈ ಕೆಲಸವೂ ಕಾಯಕವೇ.

ಕೊನೆಯದಾಗಿ ಒಂದು ಮಾತು. ನೆನಪು ಬೇರೆ, ಅರಿವು ಬೇರೆ. ಯಂತ್ರವು ಎಲ್ಲವನ್ನೂ ನೆನಪಿಡಬಲ್ಲುದು. ಆದರೆ ಯಾವುದನ್ನು ನೆನಪಿಡಬೇಕು, ಯಾವುದನ್ನು ಮರೆಯಬೇಕು, ಯಾವುದನ್ನು ನೆನಪಿದ್ದೂ ನುಡಿಯಬಾರದು ಎಂಬುದು ಅದಕ್ಕೆ ತಿಳಿಯದು. ಊರಿನ ಹಿರಿಯರ ಎದೆಯಲ್ಲಿ ಎಷ್ಟೋ ಮನೆಗಳ ಗುಟ್ಟುಗಳಿರುತ್ತಿದ್ದುವು. ಅವರು ಅವನ್ನು ಅರಿತಿದ್ದೂ ಅರಿಯದವರಂತೆ ಬಾಳಿ, ತಮ್ಮೊಡನೆಯೇ ಮಣ್ಣಿಗೆ ಕೊಂಡೊಯ್ದರು. ಅವರ ಮರೆವಿನ ನೆರಳಿನಲ್ಲಿ ತಪ್ಪಿದವರು ತಿದ್ದಿಕೊಂಡರು, ನೊಂದವರು ಚೇತರಿಸಿಕೊಂಡರು, ಸೆರೆಮನೆಯಿಂದ ಬಂದವನ ಮಗನು ತಲೆಯೆತ್ತಿ ನಡೆದನು. ಮನುಷ್ಯನಿಗೆ ಸಾಕ್ಷಿಯು ಬೇಕು ನಿಜ. ಅದು ಅವನ ಒಳಗಿದ್ದು ಅವನನ್ನು ತಿದ್ದುವ ಸಾಕ್ಷಿ. ಹೊರಗಿದ್ದು ಎಲ್ಲವನ್ನೂ ಬರೆದಿಡುವ ಕರಣಿಕನು ಆ ಸ್ಥಾನಕ್ಕೆ ಸಲ್ಲನು.

ಆದುದರಿಂದ ಈ ಲೇಖನವನ್ನು ಓದಿ ಮುಗಿಸಿದವರು, ತಮ್ಮ ಯಂತ್ರದ ಮುಂದೆ ಕುಳಿತಾಗ, ತಮ್ಮನ್ನು ನಂಬಿ ಪತ್ರ ಬರೆದ ಒಬ್ಬರನ್ನಾದರೂ ನೆನೆದುಕೊಂಡು ಆ ಸ್ವಿಚ್ಚು ಯಾವ ಸ್ಥಿತಿಯಲ್ಲಿದೆಯೆಂದು ನೋಡಬೇಕು. ಅವರ ಗಂಟು ನಮ್ಮ ಮನೆಯಲ್ಲಿದೆ. ಅವರು ಬಂದು ಕೇಳುವವರೆಗೆ ಅದನ್ನು ಕಟ್ಟಿದಂತೆಯೇ ಇಟ್ಟಿರೋಣ.